ಲಿಂಬ್ ಮೇಲಿನ ಬಣ್ಣ ಕೆಟ್ಟರೆ: ದೋಷ ಬಣ್ಣದ್ದೋ, ಬಿಲ್ಲಿನದ್ದೋ?

ಬಣ್ಣ ಹೊಡೆಸಿದ ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ ಗೆರೆ ಬಿತ್ತು ಅಂದ್ರೆ ಎಲ್ಲರೂ ಕೇಳುವುದು ಒಂದೇ: "ಯಾವ ಪೇಂಟ್ ಹಾಕಿದ್ರೆ ಬಿರಿಯಲ್ಲ?" ಆ ಪ್ರಶ್ನೆ ಆಮೇಲೆ. ಮೊದಲು ಗೊತ್ತಾಗಬೇಕಾದ್ದು, ಬಿರಿದಿರುವುದು ಬಣ್ಣವೋ, ಅದರ ಕೆಳಗಿನ ಫೈಬರ್‌ಗ್ಲಾಸೋ ಅನ್ನುವುದು. ಬೈಕಿನ ಟ್ಯಾಂಕ್ ಮೇಲೆ ಬಣ್ಣ ಬಿರಿದರೆ ನೋಡೋಕೆ ಚೆನ್ನಾಗಿರಲ್ಲ, ಅಷ್ಟೇ. ಲಿಂಬ್ ಒಳಗೇ ಬಿರಿದಿದ್ದರೆ ಹೆದೆ ಪೂರ್ತಿ ಎಳೆದಾಗ ಅದು ಮುರಿಯುವುದು ನಿಮ್ಮ ಮುಖದ ಪಕ್ಕದಲ್ಲಿ.

ನನ್ನ ಕೈಗೆ ಬರುವ ಬಿಲ್ಲುಗಳಲ್ಲಿ ಹೆಚ್ಚಿನವು ಬಿಚ್ಚಿ ಜೋಡಿಸುವ ರಿಕರ್ವ್, ಅಂದರೆ ತುದಿಗಳು ಗುರಿಯ ಕಡೆಗೆ ಬಾಗಿದ ಬಿಲ್ಲು. ಆಗೊಂದು ಈಗೊಂದು ಕಾಂಪೌಂಡ್, ತುದಿಯಲ್ಲಿ ಕ್ಯಾಮ್ ಅನ್ನುವ ರಾಟೆ ಮತ್ತು ಕೇಬಲ್ ಇರುವಂಥದ್ದು. ಅಪರೂಪಕ್ಕೆ ಕ್ರಾಸ್‌ಬೋ, ಬಂದೂಕಿನ ಥರ ಟ್ರಿಗರ್ ಇರುವ ಅಡ್ಡಬಿಲ್ಲು. ಕೆಲವು ಹೊರದೇಶಗಳಲ್ಲಿ ಕ್ರಾಸ್‌ಬೋವನ್ನು ಬೇಟೆಗೆ ಅಂತಲೇ ಮಾರುತ್ತಾರೆ, ಎಲೆ-ಕಡ್ಡಿ ಚಿತ್ರದ ಕ್ಯಾಮೊ ಫಿಲ್ಮ್ ಹಾಕಿಕೊಂಡೇ ಬರುತ್ತೆ. ನಮ್ಮ ಮೈಸೂರು-ಮಂಡ್ಯ ಕಡೆ ನಾಗರಹೊಳೆ, ಬಂಡೀಪುರ ಪಕ್ಕದಲ್ಲೇ ಇವೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದೆ. ಹಂದಿ ಕಾಟ ಅಂತ ಕೇಳುವವರಿಗೂ ಸೇರಿಸಿ ಹೇಳ್ತೀನಿ, ಬೇಟೆಯ ಮಾತು ಇಲ್ಲಿಲ್ಲ. ಗುರಿಹಲಗೆಗೆ ಹೊಡೆಯುವ ಬಿಲ್ಲಿನ ಬಣ್ಣದ ವಿಷಯ ಮಾತ್ರ.

ಮೊದಲು ಲಿಂಬ್ ಪರೀಕ್ಷೆ

ಹೆದೆ ಬಿಚ್ಚಿ, ಲಿಂಬ್‌ಗಳನ್ನು ರೈಸರ್‌ನಿಂದ (ಬಿಲ್ಲಿನ ನಡುವಿನ ಹಿಡಿಯ ಭಾಗ) ತೆಗೆಯಿರಿ. ಕ್ರಾಸ್‌ಬೋ ಅಥವಾ ಕಾಂಪೌಂಡ್ ಆದರೆ ಏನನ್ನೂ ಬಿಚ್ಚಬೇಡಿ. ಅದರ ಮಾತು ಮುಂದೆ ಬರುತ್ತೆ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚಿನ ಬೆಳಕು ಲಿಂಬ್ ಮೇಲೆ ಓರೆಯಾಗಿ ಬೀಳುವ ಹಾಗೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗೆರೆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತೆ.

ಗೆರೆ ಯಾವ ದಿಕ್ಕಿಗಿದೆ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಲಿಂಬ್‌ನಲ್ಲಿ ಗಾಜಿನ ಎಳೆಗಳು ಹೆಚ್ಚಾಗಿ ಉದ್ದುದ್ದಕ್ಕೆ ಇರುತ್ತವೆ. ಹಾಗಾಗಿ ಗ್ಲಾಸ್ ಸೀಳಿದರೆ ಸಾಮಾನ್ಯವಾಗಿ ಉದ್ದಕ್ಕೇ ಸೀಳುತ್ತೆ, ಸಿಬಿರು ಏಳುತ್ತೆ. ಬಣ್ಣಕ್ಕೆ ಎಳೆ ಇಲ್ಲ. ಹೆದೆ ಎಳೆದಾಗ ಲಿಂಬ್‌ನ ಗುರಿಯ ಕಡೆಯ ಮುಖ ಹಿಗ್ಗುತ್ತೆ, ನಮ್ಮ ಕಡೆಯ ಮುಖ ಅದುಮಿಕೊಳ್ಳುತ್ತೆ. ಗಡುಸು ಬಣ್ಣಕ್ಕೆ ಅಷ್ಟು ಹಿಗ್ಗೋಕೆ ಆಗಲ್ಲ, ಅಡ್ಡಡ್ಡ ಬಿರಿಯುತ್ತೆ. ಗುರಿಯ ಕಡೆ ಮುಖದಲ್ಲಿ, ಲಿಂಬ್ ಜಾಸ್ತಿ ಬಾಗುವ ಜಾಗದಲ್ಲಿ, ಒಂದರ ಪಕ್ಕ ಒಂದು ಸಣ್ಣ ಅಡ್ಡ ಗೆರೆಗಳ ಸಾಲು ಇದ್ದರೆ ಅನುಮಾನ ಬಣ್ಣದ ಮೇಲೆ. ಅಂಚಿನಿಂದ ಶುರುವಾಗಿ ಉದ್ದಕ್ಕೆ ಹೋದ ಗೆರೆ ಇದ್ದರೆ ಅನುಮಾನ ಲಿಂಬ್ ಮೇಲೆ. ಪಕ್ಕದ ಅಂಚನ್ನು ಮರೀಬೇಡಿ. ಒಳಗಿನ ಮರದ ತಿರುಳಿಗೆ ಗ್ಲಾಸ್ ಅಂಟಿರುವ ಗೆರೆ ಅಲ್ಲೇ ಇರುವುದು. ಬಣ್ಣ ಆ ಗೆರೆಯ ಉದ್ದಕ್ಕೇ ಬಿಟ್ಟುಕೊಂಡಿದ್ದರೆ ಪದರ ಬಿಡೋಕೆ ಶುರುವಾಗಿದೆ ಅಂತಲೇ ತಿಳಿಯಿರಿ.

ಅಡ್ಡ ಗೆರೆ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ನಮ್ಮ ಕಡೆಯ ಮುಖದಲ್ಲಿ ಒಂದೇ ಒಂದು ಅಡ್ಡ ಗೆರೆ ಈ ಅಂಚಿನಿಂದ ಆ ಅಂಚಿನವರೆಗೂ ಇದ್ದು, ಉಗುರಿಗೆ ಸಣ್ಣ ಉಬ್ಬು ಸಿಕ್ಕರೆ, ಗ್ಲಾಸ್ ಅದುಮಿಕೊಂಡು ಕುಸಿದಿರಬಹುದು. ಬಣ್ಣ ತೆಗೆಯದೆ ಅಲ್ಲಿ ತೀರ್ಮಾನ ಆಗಲ್ಲ.

ಹಾಗಿದ್ದಾಗ ಹೀಗೆ ಮಾಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಬಟ್ಟೆಗೆ ಹಾಕಿ ಆ ಜಾಗ ಒದ್ದೆ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ. ಮೇಲ್ಮೈ ನೋಡನೋಡುತ್ತಲೇ ಒಣಗುತ್ತೆ. ಬಿರುಕಿನೊಳಗೆ ಸೇರಿದ್ದು ಮಾತ್ರ ಸ್ವಲ್ಪ ಹೊತ್ತು ಕಪ್ಪು ಗೆರೆಯಾಗಿ ನಿಂತಿರುತ್ತೆ. ಬಿರುಕು ಎಲ್ಲಿಂದ ಎಲ್ಲಿಯವರೆಗೆ ಅಂತ ಗೊತ್ತಾಗುತ್ತೆ, ಆಳ ಗೊತ್ತಾಗಲ್ಲ. ಆಳಕ್ಕೆ 600ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಎಮರಿ ಪೇಪರ್; ನಂಬರ್ ಹೆಚ್ಚಿದಷ್ಟೂ ನುಣುಪು) ತಗೊಂಡು, ನೀರು ಹಾಕಿ, ಆ ಒಂದು ಬೆರಳಗಲ ಜಾಗದಲ್ಲಿ ಬಣ್ಣವನ್ನು ನಿಧಾನಕ್ಕೆ ಉಜ್ಜಿ ತೆಗೆಯಿರಿ. ಬಣ್ಣದ ಗೆರೆ ಆಗಿದ್ದರೆ ಬಣ್ಣದ ಜೊತೆಗೇ ಹೋಗುತ್ತೆ. ಗ್ಲಾಸ್ ಕಂಡ ಮೇಲೂ ಆಲ್ಕೋಹಾಲ್ ಅದೇ ಗೆರೆಯಲ್ಲಿ ನಿಂತರೆ, ಅಥವಾ ಆ ಜಾಗದ ಗ್ಲಾಸ್ ಬೆಳ್ಳಗಾಗಿದ್ದರೆ, ಆ ಲಿಂಬ್ ಕೆಲಸ ಮುಗಿಯಿತು.

ಸಿಬಿರು ಹುಡುಕೋಕೆ ಬರಿಗೈ ಆಡಿಸಬೇಡಿ. ಗಾಜಿನ ಎಳೆ ಚರ್ಮದೊಳಗೆ ಹೋದರೆ ತೆಗೆಯೋದು ಕಷ್ಟ. ಹತ್ತಿಯ ಉಂಡೆಯೊಂದನ್ನು ಲಿಂಬ್‌ನ ಉದ್ದಕ್ಕೂ ಎರಡೂ ಅಂಚಿನ ಮೇಲೂ ಸವರಿ. ಸಿಬಿರು ಎದ್ದಿರುವ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತೆ. ಆಮೇಲೆ ಒಂದು ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಒಂದೇ ಥರ ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಕಡೆ ಇದ್ದಕ್ಕಿದ್ದಂತೆ ಮಂಕಾದರೆ ಒಳಗೆ ಪದರ ಬಿಟ್ಟಿದೆಯಾ ಅಂತ ಅಲ್ಲಿ ನೋಡಬೇಕು.

ಬಿಲ್ಲಿನವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: "ಬಾಣ ಇಲ್ಲದೆ ಯಾರಾದ್ರೂ ಹೆದೆ ಬಿಟ್ಟಿದ್ರಾ?" ಮನೆಗೆ ಬಂದ ಭಾವಮೈದುನನೋ, ಪಕ್ಕದ ಮನೆ ಹುಡುಗನೋ "ಒಂದ್ಸಲ ಎಳೆದು ನೋಡ್ತೀನಿ ಕೊಡು" ಅಂದು ಬರಿ ಹೆದೆ ಬಿಟ್ಟಿರುತ್ತಾನೆ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ತಿರುಗಿ ಲಿಂಬ್‌ಗೇ ಬಡಿಯುತ್ತೆ. ಅದಾದ ಮೇಲೆ ಕಂಡ ಯಾವ ಗೆರೆಯನ್ನೂ ಬಣ್ಣದ ಲೆಕ್ಕಕ್ಕೆ ಹಾಕಬೇಡಿ.

ಲಿಂಬ್ ಬಿರಿದಿದ್ದು ಖಚಿತವಾದರೆ ಫೆವಿಕ್ವಿಕ್ ಬಿಟ್ಟು, ಪುಟ್ಟಿ ಎಳೆದು, ಮೇಲೆ ಬಣ್ಣ ಹೊಡೆಯುವವರು ಇದ್ದಾರೆ. ಅದರಷ್ಟು ಕೆಟ್ಟ ರಿಪೇರಿ ಇನ್ನೊಂದಿಲ್ಲ. ಬಿರುಕು ಅಲ್ಲೇ ಇರುತ್ತೆ, ಕಣ್ಣಿಗೆ ಕಾಣೋದು ನಿಂತಿರುತ್ತೆ. ಲಿಂಬ್ ಬದಲಾಯಿಸಿ. ಮುರಿದ ಲಿಂಬ್ ಎಸೀಬೇಡಿ, ಬಣ್ಣ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ತುಂಡು ಸಿಗಲ್ಲ.

ಲಿಂಬ್ ಗಟ್ಟಿಯಾಗಿದೆ ಅಂತಾದರೆ ಇನ್ನು ಬಣ್ಣದ ಕಡೆ ಬರಬಹುದು.

ಬಣ್ಣ ಸಿಪ್ಪೆಯಾಗಿ ಎದ್ದರೆ

ಇದೇ ಅತಿ ಸಾಮಾನ್ಯ ದೂರು. ಎದ್ದ ಸಿಪ್ಪೆಯನ್ನು ಕಿತ್ತು ಬಿಸಾಡಬೇಡಿ, ಅದರಲ್ಲೇ ಉತ್ತರ ಇದೆ. ತಿರುಗಿಸಿ ಹಿಂಭಾಗ ನೋಡಿ.

ಹಿಂಭಾಗ ಬೂದು ಬಣ್ಣ, ಅಂದರೆ ಬಣ್ಣಕ್ಕೆ ಮೊದಲು ತಳಕ್ಕೆ ಹೊಡೆಯುವ ಪ್ರೈಮರ್ ಬಣ್ಣವೇ ಇದ್ದು, ಗಾಜಿನ ಥರ ನುಣ್ಣಗೆ ಹೊಳೆಯುತ್ತಿದೆಯಾ? ಹಾಗಾದರೆ ಪ್ರೈಮರ್ ಲಿಂಬ್‌ಗೆ ಅಂಟಲೇ ಇಲ್ಲ. ಆ ಹೊಳಪು ಲಿಂಬ್‌ನ ಹೊಳಪಿನ ಅಚ್ಚು. ಉಜ್ಜದೆ ಹೊಡೆದಿದ್ದಾರೆ. ಹಿಂಭಾಗದಲ್ಲಿ ಬಾರೀಕು ಗೀರುಗಳ ಅಚ್ಚು ಕಾಣುತ್ತಿದ್ದು, ಆದರೂ ಎದ್ದಿದ್ದರೆ? ಉಜ್ಜಿದ್ದಾರೆ, ಆದರೆ ಎಣ್ಣೆ ಅಥವಾ ಮೇಣ ಉಳಿದಿತ್ತು. ಹಿಂಭಾಗ ಕೆಂಪೋ ನೀಲಿಯೋ, ಅಂದರೆ ಮೇಲಿನ ಬಣ್ಣವೇ ಇದ್ದು, ಲಿಂಬ್ ಮೇಲೆ ಪ್ರೈಮರ್ ಭದ್ರವಾಗಿ ಕೂತಿದ್ದರೆ ತಪ್ಪು ಎರಡರ ನಡುವೆ. ಪ್ರೈಮರ್ ಹೊಡೆದು ಎಷ್ಟೋ ದಿನ ಬಿಟ್ಟು, ಮತ್ತೆ ಉಜ್ಜದೆ ಹಾಗೇ ಬಣ್ಣ ಹೊಡೆದಿದ್ದಾರೆ. ಇದೊಂದೇ ಸುಲಭದ ಕೇಸು. ಪ್ರೈಮರ್ ಉಳಿಸಿಕೊಂಡು, ಸಣ್ಣಗೆ ಉಜ್ಜಿ, ಬಣ್ಣ ಮಾತ್ರ ಮತ್ತೆ ಹೊಡೆದರೆ ಸಾಕು.

ಮೇಣ ಎಲ್ಲಿಂದ ಬರುತ್ತೆ? ಅಚ್ಚಿನಲ್ಲಿ ಮಾಡಿದ ಲಿಂಬ್ ಆದರೆ, ಅಚ್ಚಿಗೆ ಅಂಟದಿರಲಿ ಅಂತ ಹಚ್ಚಿದ ಪದಾರ್ಥ ಮೇಲ್ಮೈಯಲ್ಲಿ ಉಳಿದಿರಬಹುದು. ಹೆದೆಗೆ ಹಚ್ಚುವ ಮೇಣ ತುದಿಯ ಕಡೆ ಸವರಿಕೊಂಡಿರುತ್ತೆ, ಅದಕ್ಕೇ ಸಿಪ್ಪೆ ಎಷ್ಟೋ ಸಲ ತುದಿಯಿಂದಲೇ ಏಳೋದು. ಮೂರನೇದು ನಮ್ಮ ಕೈ. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕೂದಲು ಸವರಿಕೊಂಡು, ಅದೇ ಕೈಯಲ್ಲಿ ಉಜ್ಜಿದ ಲಿಂಬ್ ಹಿಡಿದರೆ ಬೆರಳಿನ ಗುರುತಿನ ಆಕಾರಕ್ಕೇ ಬಣ್ಣ ಏಳುತ್ತೆ.

ಮೈಸೂರಿನವರಿಗೆ ಬಣ್ಣ ಹೊಸ ವಿಷಯವಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇಲ್ಲೇ ಇದೆ. 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಂದಲೇ ಹೋಗುವುದು. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆಗೇ ಬೆರೆತು ಕಪ್ಪಾಗುತ್ತೆ, ಅದಕ್ಕೇ ತೊಳೆದರೂ ಹೋಗಲ್ಲ. ಪೇಂಟ್‌ಗೆ ಆ ಅನುಕೂಲ ಇಲ್ಲ. ಲಿಂಬ್‌ನ ಗಾಜಿನ ಎಳೆಗಳನ್ನು ಹಿಡಿದಿರುವ ಎಪಾಕ್ಸಿ ಅಂಟಿನ ನುಣುಪಿನ ಮೇಲೆ ಅದು ಸುಮ್ನೆ ಕೂತಿರುತ್ತೆ. ಹಿಡಿದುಕೊಳ್ಳೋಕೆ ಗೀರು ಬೇಕು, ಗೀರಿನೊಳಗೆ ಜಿಡ್ಡು ಇರಬಾರದು.

ಸರಿ ಮಾಡೋ ಕ್ರಮ ಹೀಗೆ. ಮೊದಲು ಆಲ್ಕೋಹಾಲ್ ಹಾಕಿ ಒರೆಸಿ, ಆಮೇಲೆ ಉಜ್ಜಿ. ಉಲ್ಟಾ ಮಾಡಿದರೆ ಜಿಡ್ಡನ್ನು ಗೀರಿನೊಳಗೆ ನೀವೇ ತುಂಬಿದ ಹಾಗೆ. 400ರ ವಾಟರ್ ಪೇಪರ್ ಸಾಕು. ಉಜ್ಜುವುದು ಉದ್ದುದ್ದಕ್ಕೆ ಮಾತ್ರ. ಅಡ್ಡ ಗೀರು ಬಿದ್ದರೆ ಬಿರುಕಿಗೆ ನಾವೇ ಜಾಗ ಮಾಡಿಕೊಟ್ಟಂತೆ. ಹೊಳಪು ಹೋಗಿ ಮಂಕಾದರೆ ನಿಲ್ಲಿಸಿ. ಬಿಳಿ ನಾರು ಥರ ಎದ್ದರೆ ಗಾಜಿನ ಎಳೆಗೇ ತಲುಪಿದ್ದೀರಿ ಅಂತ, ಅಷ್ಟು ಹೋಗಬಾರದು. ಉಜ್ಜಿದ ಮೇಲೆ ಲಿಂಬ್ ಓರೆಯಾಗಿ ಹಿಡಿದು ನೀರು ಸುರಿಯಿರಿ. ನೀರು ಒಂದೇ ಹಾಳೆಯಾಗಿ ಇಳಿದರೆ ಶುದ್ಧವಾಗಿದೆ. ಎಲ್ಲಾದರೂ ಹನಿಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ, ಮತ್ತೆ ಒರೆಸಿ. ಪೂರ್ತಿ ಒಣಗಿದ ಮೇಲೆ ಗ್ಲೌಸ್ ಹಾಕಿಕೊಂಡೇ ಮುಟ್ಟಿ.

ಬಣ್ಣ ಹಿಡಿದಿದೆಯಾ ಅಂತ ನೋಡೋಕೆ ಗ್ಯಾರೇಜಿನಲ್ಲಿ ಬ್ಲೇಡಿನಿಂದ ಚೌಕಚೌಕ ಗೀರಿ, ಟೇಪ್ ಅಂಟಿಸಿ ಕೀಳುತ್ತಾರೆ. ಕಾರಿನ ಬಾಗಿಲಿಗೆ ಸರಿ. ಲಿಂಬ್ ಮೇಲೆ ಬ್ಲೇಡ್ ಆಡಿಸಲೇಬೇಡಿ. ಆ ಪರೀಕ್ಷೆ ಮುರಿದ ಲಿಂಬ್ ಮೇಲೆ, ಇಲ್ಲಾಂದ್ರೆ ಛಾವಣಿಗೆ ಹಾಕುವ ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ಶೀಟಿನ ತುಂಡಿನ ಮೇಲೆ ಆಗಲಿ.

ಅಡ್ಡಡ್ಡ ಕೂದಲು ಗೆರೆ

ಬಣ್ಣ ಭದ್ರವಾಗಿ ಅಂಟಿದೆ, ಆದರೆ ಸಣ್ಣ ಅಡ್ಡ ಗೆರೆಗಳು. ಇದು ಗಡುಸು ಬಣ್ಣದ ಕಥೆ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು, ಎಷ್ಟೋ ಸಲ ಮೂರೂ.

ಒಂದು, ಪುಟ್ಟಿ. ನಮ್ಮ ಟಿಂಕರಿಂಗ್-ಪೇಂಟಿಂಗ್‌ನವರ ಕೈ ಪುಟ್ಟಿ ಇಲ್ಲದೆ ಓಡಲ್ಲ. ಎಲ್ಲಿ ಸಣ್ಣ ಗುಂಡಿ ಕಂಡರೂ ಎಳೆದುಬಿಡುತ್ತಾರೆ. ಬಾಗದ ತಗಡಿಗೆ ಅದು ಸರಿ. ಪ್ರತಿ ಬಾಣಕ್ಕೂ ಬಾಗಿ ನೆಟ್ಟಗಾಗುವ ಲಿಂಬ್‌ಗೆ ಅಲ್ಲ. ಗೆರೆಗಳೆಲ್ಲ ಒಂದೇ ಕಡೆ ಗುಂಪಾಗಿದ್ದು, ಅಲ್ಲಿ ಉಜ್ಜಿದಾಗ ಪುಡಿಪುಡಿ ಬಂದರೆ ಕೆಳಗೆ ಪುಟ್ಟಿ ಇದೆ. ಪೂರ್ತಿ ತೆಗೆಯಿರಿ. ಲಿಂಬ್ ಮೇಲಿನ ಸಣ್ಣ ಗುಂಡಿ ಹಾಗೇ ಕಂಡರೂ ಪರವಾಗಿಲ್ಲ.

ಎರಡು, ಎನ್‌ಸಿ ಪೇಂಟ್. ನಮ್ಮಲ್ಲಿ ಇನ್ನೂ ಡ್ಯೂಕೋ ಅಂತಲೇ ಕರೆಯುವ ನೈಟ್ರೋಸೆಲ್ಯುಲೋಸ್ ಬಣ್ಣ. ಬೇಗ ಒಣಗುತ್ತೆ, ಪಾಲಿಶ್ ಚೆನ್ನಾಗಿ ಏರುತ್ತೆ, ದರವೂ ಕಮ್ಮಿ. ಆದರೆ ವಯಸ್ಸಾದಂತೆ ಗಡುಸಾಗುತ್ತೆ. ಮೊದಲ ತಿಂಗಳು ಚೆನ್ನಾಗಿದ್ದು ಆಮೇಲೆ ಗೆರೆ ಬಂದಿದ್ದರೆ ಇದನ್ನು ಅನುಮಾನಿಸಿ. ರೈಸರ್ ಒಳಗೆ ಕೂರುವ ಭಾಗದ ಹತ್ತಿರ, ಕಣ್ಣಿಗೆ ಬೀಳದ ಜಾಗದಲ್ಲಿ, ಎನ್‌ಸಿ ಥಿನ್ನರ್ ಸೋಕಿಸಿದ ಇಯರ್ ಬಡ್ ಒಂದೆರಡು ಸಲ ಆಡಿಸಿ. ಬಣ್ಣ ಕರಗಿ ಬಡ್‌ಗೆ ಬಂದರೆ ಎನ್‌ಸಿ. ಸುಕ್ಕಾಗಿ ಎದ್ದರೆ ಗೇಟಿಗೆ ಹೊಡೆಯುವ ಸಿಂಥೆಟಿಕ್ ಎನಾಮಲ್. ಏನೂ ಆಗದಿದ್ದರೆ ಗಟ್ಟಿಯಾಗೋಕೆ ಹಾರ್ಡನರ್ ಬೆರೆಸಿ ಹೊಡೆದ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ. ಪರೀಕ್ಷೆ ಮುಗಿದ ತಕ್ಷಣ ಒರೆಸಿಬಿಡಿ.

ಮೂರು, ದಪ್ಪ. "ಇನ್ನೊಂದ್ ಕೋಟ್ ಹೊಡೀರಿ ಅಣ್ಣ, ಶೈನ್ ಬರ್ಲಿ" ಅಂತ ನಾವೇ ಹೇಳಿರುತ್ತೇವೆ. ಬಣ್ಣ ದಪ್ಪವಾದಷ್ಟೂ ಹೊರಮುಖ ಜಾಸ್ತಿ ಹಿಗ್ಗಬೇಕು, ಬೇಗ ಬಿರಿಯುತ್ತೆ. ತುದಿಯಲ್ಲಿ ತೂಕ ಕೂಡಿದರೆ ಲಿಂಬ್ ವೇಗವೂ ಕಮ್ಮಿಯಾಗುತ್ತೆ.

ಗ್ಯಾರೇಜಿನವರಿಗೆ ಅರ್ಥವಾಗುವ ಹಾಗೆ ಹೇಳೋದಾದ್ರೆ, "ಪ್ಲಾಸ್ಟಿಕ್ ಬಂಪರ್‌ಗೆ ಹೇಗೆ ಹೊಡೀತೀರೋ ಹಾಗೆ ಹೊಡೀರಿ" ಅನ್ನಿ. ಬಂಪರ್ ಬಾಗುತ್ತೆ ಅಂತ ಅವರು ಪಿಯು ಬಣ್ಣಕ್ಕೆ ಬಾಗುವ ಗುಣ ಕೊಡುವ ಅಡಿಟಿವ್ ಬೆರೆಸುತ್ತಾರೆ. ಲಿಂಬ್‌ಗೂ ಅದೇ ಬೇಕು. ತೆಳು ಪ್ರೈಮರ್, ತೆಳು ಬಣ್ಣ, ಅದರ ಮೇಲೆ ತೆಳು ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ). ಹಾರ್ಡನರ್ ಹಾಕಿದ ಪಿಯು ಹೊಡೆಯುವಾಗ ಬರುವ ಐಸೊಸಯನೇಟ್ ಮಂಜು ಶ್ವಾಸಕೋಶಕ್ಕೆ ಬಲು ಕೆಟ್ಟದ್ದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮನೆ ಹಿಂದೆ ಹೊಡೆಯುವ ಕೆಲಸ ಇದಲ್ಲ. ಬೂತ್ ಮತ್ತು ಸರಿಯಾದ ಮಾಸ್ಕ್ ಇರುವವರ ಹತ್ತಿರ ಕೊಡಿ.

ಹಳೆ ಬಣ್ಣ ತೆಗೆಯೋಕೆ ಪೇಂಟ್ ರಿಮೂವರ್ ಹಚ್ಚಬೇಡಿ. ಅದು ಬಣ್ಣ ತಿಂದು ಮುಗಿಸಿ ಲಿಂಬ್‌ನ ಎಪಾಕ್ಸಿಗೂ ಬಾಯಿ ಹಾಕುತ್ತೆ. ಹಾಟ್ ಗನ್ನೂ ಬೇಡ. ವಾಟರ್ ಪೇಪರ್, ನೀರು, ತಾಳ್ಮೆ.

ಬೆಳ್ಳಗಾಗುವುದು, ಗುಳ್ಳೆ, ಕುಳಿ, ಸುಕ್ಕು

ಇವೆಲ್ಲ ಹೊಡೆದ ದಿನವೇ ಕಾಣುವ ದೋಷಗಳು. ಹೆಚ್ಚಿನವು ಹವೆಯಿಂದ ಬರುವಂಥವು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮತ್ತೆ ಅಕ್ಟೋಬರ್‌ನ ಹಿಂಗಾರಿನಲ್ಲಿ, ಎನ್‌ಸಿ ಲ್ಯಾಕರ್ ಹೊಡೆದ ಸ್ವಲ್ಪ ಹೊತ್ತಿಗೇ ಕಪ್ಪು ಬಣ್ಣದ ಮೇಲೆ ಬಿಳಿ ಮಬ್ಬು ಕವಿಯುತ್ತೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅಲ್ಲೇ ಹನಿಯಾಗಿ ಕೂರುತ್ತೆ. ಫ್ರಿಜ್ಜಿನ ನೀರಿನ ಲೋಟ ಹೊರಗೆ ಬೆವರುತ್ತಲ್ಲ, ಅದೇ. ಗಾಬರಿಯಾಗಿ ಮೇಲೆ ಇನ್ನೊಂದು ಕೋಟ್ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತೆ. ಬಿಡಿ. ಬಿಸಿಲು ಬಂದ ದಿನ, ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರ್ ಅನ್ನು ಮಂಜಿನ ಹಾಗೆ ತೆಳುವಾಗಿ ಬಿಟ್ಟರೆ ಮಬ್ಬು ಎಷ್ಟೋ ಸಲ ಹೋಗುತ್ತೆ. ಹೋಗದಿದ್ದರೆ ಉಜ್ಜಿ ಮತ್ತೆ ಹೊಡೆಯಬೇಕು.

ಪಿಯು ಹೀಗೆ ಬೆಳ್ಳಗಾಗೋದು ಕಮ್ಮಿ. ಅದಕ್ಕೆ ಬೇರೆ ತೊಂದರೆ. ಅದರ ಹಾರ್ಡನರ್ ನೀರಿನ ಜೊತೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಬಣ್ಣದೊಳಗೆ ಸಣ್ಣ ಗುಳ್ಳೆಗಳಾಗುತ್ತವೆ. ಮಳೆಗಾಲದಲ್ಲಿ ಗುಳ್ಳೆ ಬಂದರೆ ಮೂರು ಕಡೆ ನೋಡಿ. ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ಬಿಟ್ಟು ನೀರು ಇಳಿಸಿದ್ದಾರಾ? ಹಾರ್ಡನರ್ ಡಬ್ಬಿ ಮುಚ್ಚಳ ಸರಿಯಾಗಿ ಹಾಕದೆ ಹಳೆಯದಾಗಿದೆಯಾ? ಲಿಂಬ್ ಉಜ್ಜಿ ತೊಳೆದ ಮೇಲೆ ಪೂರ್ತಿ ಒಣಗಿತ್ತಾ? ಅದೇ ಗುಳ್ಳೆ ಏಪ್ರಿಲ್‌ನ ಮಟಮಟ ಮಧ್ಯಾಹ್ನ ಬಂದರೆ ಕಾರಣ ಬೇರೆ. ದಪ್ಪ ಕೋಟ್‌ನ ಮೇಲ್ಪದರ ಬಿಸಿಗೆ ಬೇಗ ಒಣಗಿ, ಒಳಗೆ ಸಿಕ್ಕಿದ ಥಿನ್ನರ್ ತೂತು ಮಾಡಿಕೊಂಡು ಹೊರಬಂದಿದೆ. ಅದೇ ಸೆಕೆಗೆ ಸ್ಪ್ರೇ ಕ್ಯಾನ್ ದೂರದಿಂದ ಹೊಡೆದರೆ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ, ಲಿಂಬ್ ಮೇಲೆ ಎಮರಿ ಪೇಪರ್ ಥರ ತರಿತರಿಯಾಗಿ ಕೂರುತ್ತೆ.

ದುಂಡನೆ ಕುಳಿ, ನಡುವೆ ತಳ ಕಾಣುವುದು: ಬಣ್ಣ ಆ ಜಾಗದಿಂದ ಹಿಂದೆ ಸರಿದಿದೆ. ಅಲ್ಲಿ ಎಣ್ಣೆ ಅಥವಾ ಸಿಲಿಕೋನ್ ಇದೆ. ಪಕ್ಕದ ಕಾರಿಗೆ ಡ್ಯಾಶ್‌ಬೋರ್ಡ್ ಪಾಲಿಶ್ ಸ್ಪ್ರೇ ಮಾಡುತ್ತಿದ್ದರೆ ಅದರ ಮಂಜು ಸಾಕು. ಮನೆಯಲ್ಲಿ ಅಡಿಗೆಮನೆ ಪಕ್ಕದ ಯುಟಿಲಿಟಿಯಲ್ಲಿ ಹೊಡೆದರೆ ಒಗ್ಗರಣೆಯ ಎಣ್ಣೆ ಹೊಗೆಯೂ ಸಾಕು. ಕುಳಿಯೊಳಗೆ ಬಣ್ಣ ತುಂಬೋಕೆ ಹೋಗಬೇಡಿ, ನಿಲ್ಲಲ್ಲ. ಒಣಗಲು ಬಿಟ್ಟು, ಉಜ್ಜಿ, ಒರೆಸಿ, ಬೇರೆ ಜಾಗದಲ್ಲಿ ಹೊಡೆಯಿರಿ.

ಸುಕ್ಕು ಬಂದರೆ ಕೆಳಗೆ ಎನಾಮಲ್, ಮೇಲೆ ಎನ್‌ಸಿ ಅಥವಾ ಪಿಯು ಅಂತಲೇ ಲೆಕ್ಕ. ಮೇಲಿನ ಥಿನ್ನರ್ ಕೆಳಗಿನ ಬಣ್ಣವನ್ನು ಎಬ್ಬಿಸಿದೆ. ಎಲ್ಲ ತೆಗೆಯದೆ ಬೇರೆ ದಾರಿ ಇಲ್ಲ.

ಮಂಡ್ಯ ಕಡೆಯವರಿಗೆ ಇನ್ನೊಂದು ಮಾತು. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆ ಹೊಗೆಯ ಕರಿ, ಗದ್ದೆಯಲ್ಲಿ ತರಗು ಸುಟ್ಟ ಬೂದಿ ಎಲ್ಲಿಂದಲೋ ಹಾರಿಬಂದು ಹಸಿ ಬಣ್ಣದ ಮೇಲೇ ಕೂರುತ್ತೆ. ನಾಲೆ ಬಯಲಿನ ಊರುಗಳಲ್ಲಿ ಸಂಜೆ ಲೈಟ್ ಹಾಕಿಕೊಂಡು ಹೊಡೆದರೆ ಭತ್ತದ ಗದ್ದೆಯ ಹುಳಗಳೆಲ್ಲ ಅಲ್ಲೇ. ಹಸಿಯಲ್ಲಿ ಕೀಳೋಕೆ ಹೋದರೆ ಗಾಯ ದೊಡ್ಡದಾಗುತ್ತೆ. ಒಣಗಿದ ಮೇಲೆ 1000ದ ಪೇಪರ್‌ನಲ್ಲಿ ತೆಗೆದು ಕ್ಲಿಯರ್ ಹೊಡೆಯಿರಿ. ಬೆಳಿಗ್ಗೆಯ ಇಬ್ಬನಿ ಆರಿದ ಮೇಲೆ ಶುರು ಮಾಡಿ ಸಂಜೆಗೆ ಮೊದಲೇ ಮುಗಿಸೋದು ಒಳ್ಳೇದು.

ಬಣ್ಣ ಚೆನ್ನಾಗಿದೆ, ಬಿಲ್ಲು ಸರಿಯಿಲ್ಲ

ಈ ದೂರು ಬಂದಾಗ ನಾನು ಜಾಸ್ತಿ ಗಮನ ಕೊಡುತ್ತೇನೆ. ಬಣ್ಣ ಕನ್ನಡಿಯಂತಿದೆ, ಒಂದು ಗೆರೆ ಇಲ್ಲ. ಆದರೆ ಬಾಣ ಒಂದೇ ಕಡೆಗೆ ಹೋಗುತ್ತಿದೆ, ಅಥವಾ ಬಿಲ್ಲು ಎಳೆಯೋಕೆ ಮೊದಲಿಗಿಂತ ಹಗುರಾಗಿದೆ. ಕೇಳಬೇಕಾದ್ದು: "ಬಣ್ಣ ಒಣಗಿಸಿದ್ದು ಎಲ್ಲಿ?"

ಗ್ಯಾರೇಜಿಗೆ ಕೊಟ್ಟರೆ ಅವರು ಕಾರಿನ ಬಾನೆಟ್ ಜೊತೆ ಬೇಕಿಂಗ್ ಬೂತ್ ಒಳಗೆ ಇಡುತ್ತಾರೆ. "ಬೂತಲ್ಲಿ ಇಕ್ಬುಡ್ತೀನಿ ಬುಡಿ ಅಣ್ಣ, ಸಂಜೆಗೆಲ್ಲ ರೆಡಿ" ಅನ್ನುವುದು ಒಳ್ಳೆ ಮನಸ್ಸಿನಿಂದಲೇ. ಆದರೆ ಕಾರಿನ ಬಣ್ಣ ಬೇಯಿಸುವ 60 ಡಿಗ್ರಿ, ಅದರ ಮೇಲಿನ ಶಾಖ, ಲಿಂಬ್‌ನ ಪದರಗಳನ್ನು ಹಿಡಿದಿರುವ ಅಂಟಿಗೆ ಆಗಿಬರಲ್ಲ. ಅಂಟು ಮೆತ್ತಗಾದರೆ ಲಿಂಬ್ ತಿರುಚಿಕೊಳ್ಳಬಹುದು, ಪದರ ಜಾರಬಹುದು. ಪೌಡರ್ ಕೋಟಿಂಗ್ ಅಂತೂ ಸುಮಾರು 180ರಿಂದ 200 ಡಿಗ್ರಿಯ ಕೆಲಸ. ಅಲಾಯ್ ವೀಲಿಗೆ, ಗೇಟಿಗೆ ಚೆಂದ. ಲೋಹದ ರೈಸರ್‌ಗೆ ಬೇಕಾದರೆ ತಯಾರಕರನ್ನು ಕೇಳಿ ಯೋಚಿಸಿ. ಲಿಂಬ್ ಅಂತೂ ಅಲ್ಲಿಂದ ಲಿಂಬ್ ಆಗಿ ವಾಪಸ್ ಬರಲ್ಲ. ಕಪ್ಪು ಬಣ್ಣ ಹೊಡೆಸಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಗಾಜಿನ ಕೆಳಗೆ ಇಟ್ಟುಹೋದರೂ ಕಥೆ ಅದೇ. ಕಪ್ಪು ಬಿಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತೆ.

ತಿರುಚಿಕೊಂಡಿದೆಯಾ ನೋಡೋಕೆ ಹೆದೆ ಕಟ್ಟಿ, ಬಿಲ್ಲಿನ ಎರಡೂ ಲಿಂಬ್ ಕಾಣುವ ಹಾಗೆ ಕುರ್ಚಿಗೆ ಆನಿಸಿ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಹೆದೆ ಮೇಲಿನ ಲಿಂಬ್‌ನ ನಡುವೆಯೂ ಕೆಳಗಿನ ಲಿಂಬ್‌ನ ನಡುವೆಯೂ ಹೋಗಬೇಕು. ಒಂದರಲ್ಲಿ ಪಕ್ಕಕ್ಕೆ ಸರಿದಿದ್ದರೆ ಮೊದಲು ಲಿಂಬ್ ಬುಡ ಬಿಚ್ಚಿ ನೋಡಿ, ಯಾಕಂದ್ರೆ ಇಲ್ಲೊಂದು ಸುಲಭದ ಕಾರಣವೂ ಇದೆ. ರೈಸರ್ ಪಾಕೆಟ್ ಒಳಗೆ ಕೂರುವ ಭಾಗಕ್ಕೂ ಬಣ್ಣ ಹೊಡೆದಿದ್ದರೆ ಲಿಂಬ್ ಸರಿಯಾಗಿ ಕೂರಲ್ಲ, ಓರೆಯಾಗುತ್ತೆ. ಎಳೆಯುವಾಗ ಕಿರ್ ಅಂತ ಸದ್ದು ಬಂದರೆ ಅದೇ ಬಣ್ಣ ಒಳಗೆ ಉಜ್ಜುತ್ತಿದೆ. ಅಲ್ಲಿಂದ ಬಣ್ಣ ಪೂರ್ತಿ ತೆಗೆದರೆ ಎಷ್ಟೋ ಬಿಲ್ಲು ಅಲ್ಲಿಗೇ ಸರಿಹೋಗುತ್ತೆ. ತೆಗೆದ ಮೇಲೂ ಹೆದೆ ಪಕ್ಕದಲ್ಲೇ ಇದ್ದರೆ ತಿರುಚಿದೆ ಅಂತ. ಬಿಸಿನೀರು ಹಾಕಿ ನೆಟ್ಟಗೆ ಮಾಡ್ತೀನಿ ಅನ್ನುವವರ ಕೈಗೆ ಕೊಡಬೇಡಿ.

ಹೆದೆ ಕೂರುವ ತುದಿಯ ಕಚ್ಚಿಗೂ ಬಣ್ಣ ಬೇಡ. ಅಲ್ಲಿ ಅದು ಹೇಗೂ ನಿಲ್ಲಲ್ಲ, ಉದುರುವಾಗ ಹೆದೆಯನ್ನೂ ತರಚುತ್ತೆ. ಎಳೆಯೋಕೆ ಎಷ್ಟು ಪೌಂಡ್ ಬಲ ಬೇಕು ಅಂತ ಲಿಂಬ್ ಮೇಲೆ ಬರೆದಿರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಾಕಿಸಿ. ಅದು ಮುಚ್ಚಿಹೋದರೆ ಮುಂದೆ ಕೊಳ್ಳುವವರು 40 ಪೌಂಡ್ ಬಿಲ್ಲನ್ನು 28 ಅಂದುಕೊಂಡು ಮಗುವಿನ ಕೈಗೆ ಕೊಡ್ತಾರೆ.

ಕ್ರಾಸ್‌ಬೋ, ಕಾಂಪೌಂಡ್ ಆದರೆ

ದೋಷ ಹುಡುಕುವ ಕ್ರಮ ಅದೇ, ಕೈ ಹಾಕುವ ರೀತಿ ಬೇರೆ. ರಿಕರ್ವ್‌ನಲ್ಲಿ ಹೆದೆ ಬಿಚ್ಚಿದರೆ ಲಿಂಬ್ ಸುಮ್ಮನಾಗುತ್ತೆ. ಇವುಗಳಲ್ಲಿ ಹೆದೆ ಎಳೆಯದೆ ಇದ್ದಾಗಲೂ ಲಿಂಬ್ ಬಾಗಿಯೇ ಇರುತ್ತೆ, ಬಲ ಒಳಗೇ ಕೂತಿರುತ್ತೆ. ಬೇಟೆಯ ಕ್ರಾಸ್‌ಬೋಗಳಲ್ಲಿ 150 ಪೌಂಡ್ ದಾಟುವುದು ಸಾಮಾನ್ಯ. ಬೋ ಪ್ರೆಸ್ (ಲಿಂಬ್‌ಗಳನ್ನು ಅದುಮಿ ಹಿಡಿದು ಹೆದೆ ಸಡಿಲಿಸುವ ಸಾಧನ) ಇಲ್ಲದೆ ಬೋಲ್ಟ್ ಬಿಚ್ಚಬೇಡಿ. ಮಂಡ್ಯದ ಯಾವ ಬೈಕ್ ಗ್ಯಾರೇಜಿನ ವೈಸ್‌ನಲ್ಲೂ ಅದು ಆಗುವ ಕೆಲಸವಲ್ಲ. ಪ್ರೆಸ್ ಸಿಗದಿದ್ದರೆ ಜೋಡಿಸಿದಂತೆಯೇ ಹೆದೆ, ಕೇಬಲ್, ಕ್ಯಾಮ್, ಟ್ರಿಗರ್, ಬಾಣ ಜಾರುವ ಹಳಿ ಎಲ್ಲ ಪ್ಲಾಸ್ಟಿಕ್ ಸುತ್ತಿ ಮುಚ್ಚಿ, ಲಿಂಬ್ ಮಾತ್ರ ತೆರೆದಿಟ್ಟು ಹೊಡೆಸಬಹುದು. ಹೆದೆಗೆ ಥಿನ್ನರ್ ಸೋಕಿದರೆ ಮೇಣ ಹೋಗಿ ಎಳೆ ಒಣಗುತ್ತೆ. ಹಳಿಯ ಮೇಲೆ ಬಣ್ಣ ಬಿದ್ದರೆ ಹೆದೆ ಉಜ್ಜಿಕೊಂಡು ಓಡುತ್ತೆ.

ಇಲ್ಲಿ ಒಂದು ದೋಷ ಪದೇ ಪದೇ ಬರುತ್ತೆ. ಕ್ಯಾಮೊ ಚಿತ್ರ ಅನ್ನೋದು ಪೇಂಟ್ ಅಲ್ಲ, ನೀರಿನಲ್ಲಿ ಅದ್ದಿ ಕೂರಿಸಿದ ತೆಳು ಫಿಲ್ಮ್, ಅದರ ಮೇಲೆ ಕ್ಲಿಯರ್. ಅದರ ಮೇಲೆ ನೇರವಾಗಿ ಹೊಡೆದರೆ ಥಿನ್ನರ್ ಫಿಲ್ಮನ್ನು ಮೆತ್ತಗೆ ಮಾಡಿ ಎಲೆ-ಕಡ್ಡಿ ಆಕಾರಕ್ಕೇ ಉಬ್ಬಿಸುತ್ತೆ. ಉಬ್ಬಿದ ಆಕಾರ ಹಳೆ ಚಿತ್ರಕ್ಕೇ ಹೊಂದಿದರೆ ಕಾರಣ ಅದೇ. ಕ್ಲಿಯರ್ ಚೆನ್ನಾಗಿ ಮಂಕಾಗುವವರೆಗೆ ಉಜ್ಜಿ, ಮೊದಲ ಪ್ರೈಮರ್ ಅನ್ನು ಬರಿ ಮಂಜಿನಷ್ಟು ಬಿಟ್ಟು, ಆರಿದ ಮೇಲೆ ಎರಡನೇದು ಹೊಡೆಯಬೇಕು. ಇನ್ನು, ಕ್ರಾಸ್‌ಬೋ ಲಿಂಬ್ ಗಿಡ್ಡ, ದಪ್ಪ. ಬಾಗುವ ಜಾಗ ಕಮ್ಮಿ, ಎಳೆತ ಜಾಸ್ತಿ. ಸೀಳು ಶುರುವಾಗುವುದು ಎಷ್ಟೋ ಸಲ ಪಾಕೆಟ್‌ನ ಬಾಯಲ್ಲಿ ಮತ್ತು ಕ್ಯಾಮ್ ಆಕ್ಸಲ್ ಹತ್ತಿರ. ಅವೆರಡು ಜಾಗಕ್ಕೆ ದಟ್ಟ ಬಣ್ಣ ಬೇಡ, ತೆಳು ಕ್ಲಿಯರ್ ಸಾಕು. ಕಾಣುವ ಹಾಗಿರಲಿ.

ಮತ್ತೆ ಹೊಡೆಸಿದ ಮೇಲೆ

ಮುಟ್ಟಿದರೆ ಅಂಟಲ್ಲ ಅಂದ ಮಾತ್ರಕ್ಕೆ ಬಣ್ಣ ಗಟ್ಟಿಯಾಗಿಲ್ಲ. ಬೂತ್ ಶಾಖ ಕೊಡದೆ ನೆರಳಲ್ಲಿ ಒಣಗಿಸುತ್ತಿರುವುದರಿಂದ ಪಿಯುಗೆ ಒಂದು ವಾರ ಕೊಡಿ, ಮಳೆಗಾಲದಲ್ಲಿ ಇನ್ನೂ ನಾಲ್ಕು ದಿನ ಜಾಸ್ತಿ. ಲಿಂಬ್‌ಗಳನ್ನು ಮಲಗಿಸದೆ ಬುಡದ ತೂತಿಗೆ ತಂತಿ ಹಾಕಿ ನೇತುಹಾಕಿ.

ಆಮೇಲೆ ಹೆದೆ ಕಟ್ಟಿ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಟಾರ್ಚ್ ಓರೆ ಹಿಡಿದು ನೋಡಿ. ಗೆರೆ ಇಲ್ಲದಿದ್ದರೆ ಅರ್ಧ ಎಳೆದು ನಿಧಾನಕ್ಕೆ ಹಿಂದಕ್ಕೆ ಬಿಡಿ, ಹೀಗೆ ಕೆಲವು ಸಲ. ಕೈ ಜಾರಿ ಬರಿ ಹೆದೆ ಬಿಡಬಾರದು. ಮತ್ತೆ ನೋಡಿ, ಪೂರ್ತಿ ಎಳೆಯಿರಿ, ಮತ್ತೆ ನೋಡಿ. ಮೊದಲ ಬಾಣಗಳನ್ನು ಹತ್ತಿರದ ಗುರಿಗೆ ಹೊಡೆಯಿರಿ, ಕನ್ನಡಕ ಹಾಕಿಕೊಂಡು. ಅವತ್ತಿನ ಅಭ್ಯಾಸ ಮುಗಿದ ಮೇಲೆ ಹತ್ತಿಯ ಉಂಡೆ ಇನ್ನೊಂದು ಸಲ ಅಂಚಿನ ಮೇಲೆ ಆಡಿಸಿ, ಲಿಂಬ್‌ನ ನಾಲ್ಕೂ ಮುಖದ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ಮುಂದೆ ಗೆರೆ ಕಂಡಾಗ ಅದು ಮೊದಲೇ ಇತ್ತಾ, ಹೊಸದಾ ಅಂತ ವಾದ ಮಾಡಬೇಕಾಗಲ್ಲ.